ಗುಡ್ಡ ಹತ್ತಿಸದ ವರ್ಷ

ಶ್ರೀ ವಿಘ್ನರಾಜನಿಗೆ ಶಿರಸಾ ನಮನ. ಕಣ್ಣಿಗೆ ಕಂಡದ್ದನ್ನು ಬುದ್ಧಿಗೂ ಕಾಣಿಸಲಿ.

ವಿಶ್ವಾವಸು ಸಂವತ್ಸರ, ವೈಶಾಖ ಶುದ್ಧ ತದಿಗೆ, ಬುಧವಾರ
30 ಏಪ್ರಿಲ್ 2025, ಬೆಳಿಗ್ಗೆ 7

ಸ್ನಾನ, ಪೂಜೆ, ಒಂದು ಲೋಟ ರಾಗಿಗಂಜಿ. ಮಾರಿಕುಪ್ಪಂ ರೈಲಿನ ಕೂಗು ಕೇಳುವ ಹೊತ್ತಿಗೆ ಪಾರಾಯಣ ಮುಗಿದಿತ್ತು.

ಭಾನುವಾರ ಉರಿಗಾಂ ಮೈದಾನದಲ್ಲಿ ಆಯ್ಕೆ. ಬೆಂಗಳೂರಿನ ಫುಟ್‌ಬಾಲ್ ಹಾಸ್ಟೆಲ್ಲಿಗೆ ನಮ್ಮ ಕಡೆಯಿಂದ ವರ್ಷಕ್ಕೊಬ್ಬಳೇ ಹುಡುಗಿ. ಮೂರು ವರ್ಷ ಊಟ, ಓದು, ತರಬೇತಿ. ಆಯ್ಕೆಗಾರರು ಮೂವರು: ಶಾಲೆಯ ಪಿ.ಟಿ. ಟೀಚರ್ ಇಂದ್ರಾಣಿ, ಕೋಚ್ ವಿಜಯಕುಮಾರ್, ಮತ್ತು ನಾನು... ಮೂವತ್ತು ವರ್ಷ ಕನ್ನಡ ಪಂಡಿತ, ಅಷ್ಟೇ ವರ್ಷ ಗಣಿ ಪಂದ್ಯಗಳ ರೆಫರಿ.

ಮೊದಲ ಪರೀಕ್ಷೆ ಯಾವಾಗಲೂ ಸೈನೈಡ್ ಗುಡ್ಡ. ಚಿನ್ನ ತೆಗೆದುಳಿದ ಮಣ್ಣಿನ ರಾಶಿ. ಬುಡದಿಂದ ನೆತ್ತಿಗೆ ನಿಲ್ಲದೆ ಓಡಬೇಕು. ಗಣಿಯ ಕಾಲದಿಂದ ಬಂದ ಪದ್ಧತಿ. ಆಗ ತಂಡಕ್ಕೆ ಸೇರಿದವನಿಗೆ ನೆಲದ ಮೇಲಿನ ಕೆಲಸ, ಸೇರದವನಿಗೆ ಸುರಂಗ. 1981ರಲ್ಲಿ ಆರಿಸಿದವನು ನಾನೇ. ಆಗ ಬಂದಿದ್ದ ಕುಪ್ಪುಸ್ವಾಮಿ ಎಂಬ ಹುಡುಗನ ಕಾಲಲ್ಲಿ ಚೆಂಡು ಜಪಸರದ ಮಣಿಯಂತೆ ತಿರುಗುತ್ತಿತ್ತು. ಗುಡ್ಡದಲ್ಲಿ ಮಾತ್ರ ಕೊನೆಯವನಾದ. ಹೆಸರು ಹೊಡೆದುಹಾಕಿದೆ. ಹತ್ತೊಂಬತ್ತು ವರ್ಷ ಸುರಂಗದ ಧೂಳು ಕುಡಿದ. ಈಗ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಆಕ್ಸಿಜನ್ ನಳಿಗೆ ಹಚ್ಚಿಕೊಂಡು ಮಲಗಿದ್ದಾನೆ.

ಈ ವರ್ಷ ಗುಡ್ಡ ಬೇಡವೆಂದು ಫೋನಿನಲ್ಲಿ ತಿಳಿಸಿದೆ.

"ಯಾಕ್ ಸಾರ್? ಅಲ್ಲಿ ಸುಳ್ಳೊಂದೂ ನಡಿಯಲ್ಲ, ಅದ್ಕೇ ಅಲ್ವಾ ಇಟ್ಟಿರೋದು?" ಎಂದಳು ಇಂದ್ರಾಣಿ.

"ಧೂಳು ಕಣಮ್ಮ" ಎಂದೆ.

ಬಂದಿರುವ ಹೆಸರುಗಳಲ್ಲಿ ಕುಪ್ಪುಸ್ವಾಮಿಯ ಮೊಮ್ಮಗಳು ಲಿಖಿತಳದೂ ಇದೆ. ಇದನ್ನು ಇಲ್ಲಿ ಮಾತ್ರ ಬರೆದಿಡುತ್ತೇನೆ.

4 ಮೇ, ಭಾನುವಾರ, ಮಧ್ಯಾಹ್ನ 3

ಇಪ್ಪತ್ತೆರಡು ಹುಡುಗಿಯರು. ಹತ್ತು ಗಂಟೆಗೆ ಇಬ್ಬರು ಉಳಿದರು.

ಒಬ್ಬಳು ಶಶಿರೇಖ. ಬಂಗಾರಪೇಟೆಯಾಚೆಯ ಹಳ್ಳಿಯ ಮುನಿರಾಜುವಿನ ಮಗಳು. ಮನೆಯಲ್ಲಿ ಎರಡು ಹಸು, ಡೇರಿಗೆ ಹಾಲು. ಹದಿನೆಂಟು ತುಂಬಿದೆ. ಓಟವೆಂದರೆ ಓಟ! ಚೆಂಡೊಂದು ದಿಕ್ಕು, ಅವಳೊಂದು ದಿಕ್ಕು. ಆದರೆ ಎರಡೂ ದಿಕ್ಕಿಗೆ ಅವಳೇ ಮೊದಲು ತಲುಪುವಳು.

"ಏ ಶಶಿ, ಬಾಲ್ ಇಲ್ಲೇ ಬಿಟ್ಟೋದ್ಯಲ್ಲೇ!" ಎಂದು ಗೆರೆಯಾಚೆಯ ಹುಡುಗಿಯರು ಕೂಗಿದರು.

"ನೋಡ್ಕೊಂಡಿರು, ವಾಪಸ್ ಬತ್ತೀನಿ!" ಎಂದು ಓಡುತ್ತಲೇ ನಕ್ಕಳು.

ಇನ್ನೊಬ್ಬಳು ಲಿಖಿತ. ಅವಳದೂ ಅದೇ ವಯಸ್ಸು. ಕರೆದಂತೆ ಚೆಂಡು ಅವಳ ಪಾದಕ್ಕೆ ಬರುತ್ತದೆ. ಎದುರಾಳಿ ಮುಟ್ಟುವ ಮೊದಲೇ ಹೋಗಬೇಕಾದಲ್ಲಿಗೆ ಹೋಗಿರುತ್ತದೆ. ಒಂದು ಹೆಜ್ಜೆಯೂ ವ್ಯರ್ಥವಿಲ್ಲ. ಪಾಸ್ ಕೊಟ್ಟು, ಸೊಂಟಕ್ಕೆ ಕೈಯಿಟ್ಟು, ಮೈದಾನವನ್ನೆಲ್ಲ ಅಳೆಯುವವಳಂತೆ ನಿಲ್ಲುತ್ತಾಳೆ. ಅಂಕಪಟ್ಟಿಯ ಅಂಚಿನಲ್ಲಿ ಬರೆದೆ — 'ಮಿತವೇ ಸೌಂದರ್ಯ.'

ವಿಜಯಕುಮಾರ್ ಲಿಖಿತಳ ಪರ. "ಆ ಟಚ್ ಹತ್ತು ವರ್ಷದ್ದು ಸಾರ್. ಓಟ ಜಿಮ್‌ನಲ್ಲಿ ಬರುತ್ತೆ."

"ಜಿಮ್‌ನಲ್ಲಿ ತೊಡೆ ಬರುತ್ತೆ, ಓಟ ಬರಲ್ಲ" ಎಂದಳು ಇಂದ್ರಾಣಿ. "ಟಚ್ ಅಲ್ಲಿ ಎರಡು ವರ್ಷದಲ್ಲಿ ಕಲಿಸ್ತಾರೆ. ಆ ಕಾಲ್ನ ದೇವ್ರು ಒಂದ್ಸಲ ಕೊಡೋದು."

ಇಬ್ಬರೂ ನನ್ನತ್ತ ತಿರುಗಿದರು. ಪ್ರತಿಭೆ ಹುಟ್ಟಿನಿಂದ, ಪಾಂಡಿತ್ಯ ಅಭ್ಯಾಸದಿಂದ. ಎರಡರಲ್ಲೊಂದನ್ನೇ ಆರಿಸೆಂದರೆ ಮೊದಲಿನದೇ ಎಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೂ ಎರಡು ದಿನ ಸಮಯ ಕೇಳಿದೆ.

ಗೇಟಿನ ಬಳಿ ಮುನಿರಾಜು ತಡೆದ. "ಮೇಷ್ಟ್ರೇ, ಸೀಟ್ ಸಿಕ್ರೆ ಮೂರು ವರ್ಸ ನಾನು ಕೇಳಾಕಿಲ್ಲ. ಸಿಗ್ದಿದ್ರೆ ನನ್ ಬಾಮೈದ ಕಾಯ್ತಾವ್ನೆ. ಜೂನ್‌ನಾಗೆ ಲಗ್ನ."

"ಮಗಳನ್ನು ಕೇಳಿದೆಯಾ?"

"ಕೇಳಿದ್ಕೇ ಇವತ್ತು ಇಲ್ಲಿಗ್ ಕರ್ಕೊಂಡ್ಬಂದಿರೋದು."

5 ಮೇ, ಸೋಮವಾರ

ಕುಪ್ಪುಸ್ವಾಮಿಯ ಮನೆಗೆ ಹೋದೆ. ಹೋಗಬಾರದಿತ್ತು. ಆಯ್ಕೆಗಾರನಿಗೆ ಅದು ಧರ್ಮವಲ್ಲ.

ಮೂಗಿನಲ್ಲಿ ನಳಿಗೆ. ಮಾತಿಗೆ ಮಾತು ಸೇರುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಲಿಖಿತ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ವಾತ್ಯಾರೇ... ಈ ಸಲ ಗುಡ್ಡ ಇಲ್ವಂತೆ?" ಎಂದ ಕುಪ್ಪುಸ್ವಾಮಿ. ಮೇಷ್ಟ್ರನ್ನು ಅವನು ತಮಿಳಿನಂತೆ ವಾತ್ಯಾರೆನ್ನುವುದು.

"ಇಲ್ಲ."

"ಹತ್ತಿಸಿ ವಾತ್ಯಾರೇ" ಎಂದ. ನಕ್ಕನೋ ಕೆಮ್ಮಿದನೋ. "ನಂಗೆ ಹತ್ತಿಸಿದ್ರಲ್ಲಾ... ಇವಳಿಗೂ ಹತ್ತಿಸಿ ನೋಡಿ."

ನಲವತ್ತನಾಲ್ಕು ವರ್ಷ ಒಳಗಿಟ್ಟುಕೊಂಡ ಮಾತು. ಕಾಫಿ ಕುಡಿಯದೇ ಎದ್ದು ಬಂದೆ.

6 ಮೇ, ಮಂಗಳವಾರ

ಲಿಖಿತ ಎಂದು ಬರೆದು ಸಹಿ ಮಾಡಿದೆ.

"ಒಮ್ಮೆ ಓಟ ನೋಡಿ ಮೋಸ ಹೋದವನು ನಾನು" ಎಂದೆ. ಇಂದ್ರಾಣಿ ವಿಸಲ್ ಕೊರಳಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮನಸ್ಸು ಹಗುರವಾಯಿತು. ಋಣ ತೀರಿತೆಂದುಕೊಂಡೆ.

31 ಮೇ, ಶನಿವಾರ, ಬೆಳಿಗ್ಗೆ 11

ಹಾಸ್ಟೆಲ್ಲಿನಿಂದ ಫೋನ್. ಸೇರ್ಪಡೆಯ ವೈದ್ಯಕೀಯ ಪರೀಕ್ಷೆಯಲ್ಲಿ ಲಿಖಿತಳನ್ನು ಯಂತ್ರದ ಮೇಲೆ ಓಡಿಸಿದರಂತೆ. ನಾಲ್ಕನೇ ನಿಮಿಷಕ್ಕೆ ತುಟಿ ನೀಲಿಯಾಯಿತಂತೆ. ಚಿಕ್ಕಂದಿನಿಂದಲೂ ಉಬ್ಬಸ. ಇನ್ನು ಓಡಿಸಕೂಡದೆಂದು ಬರೆದುಕೊಟ್ಟಿದ್ದಾರೆ. ಬದಲಿ ಹುಡುಗಿಯನ್ನು ಜೂನ್ ಐದರ ಸಂಜೆ ಐದರೊಳಗೆ ಹಾಜರುಪಡಿಸದಿದ್ದರೆ ಈ ವರ್ಷ ನಮ್ಮ ಕಡೆಗೆ ಸೀಟಿಲ್ಲ.

ಸಂಜೆ 5

ಕುಪ್ಪುಸ್ವಾಮಿಯ ಮುಂದೆ ಕುಳಿತೆ. ಒಳಕೋಣೆಯಲ್ಲಿ ಲಿಖಿತ ಗೋಡೆಗೆ ಮುಖಮಾಡಿ ಮಲಗಿದ್ದಳು.

"ನಿನಗೆ ಗೊತ್ತಿತ್ತೇ?"

"ಓಡಕ್ಕಾಗಲ್ಲ ಅಂತಲೇ ಆ ಆಟ ಕಲಿಸಿದೆ... ನಿಂತ್ಕೊಂಡೇ ಆಡೋ ಆಟ. ಉಸಿರು ಬರೋ ತನಕ ಸೊಂಟಕ್ಕೆ ಕೈಯಿಟ್ಕೊಂಡು ನಿಲ್ಲೋದು... ಅದೂ ನಾನೇ ಕಲಿಸಿದ್ದು."

"ನನಗೆ ಹೇಳಬಾರದಿತ್ತೇ?"

"ಹೇಳಿದೆನಲ್ಲಾ! ಗುಡ್ಡ ಹತ್ತಿಸಿ ಅಂತ... ಪಾಪು ಬಾಗಿಲಲ್ಲೇ ನಿಂತಿತ್ತು ವಾತ್ಯಾರೇ. ಅದರ ಎದುರಿಗೆ ಇನ್ನೇನ್ ಹೇಳಲಿ? ಗುಡ್ಡ ಇದ್ದಿದ್ರೆ... ಅರ್ಧಕ್ಕೆ ತಾನೇ ನಿಂತ್ಬಿಡೋದು."

ಚುಚ್ಚುಮಾತೆಂದು ತಿಳಿದೆ. ನನ್ನ ಪಾಪದ ಕಿವಿಯಿಂದ ಕೇಳಿದೆ. ಉಸಿರಿಲ್ಲದ್ದನ್ನು ಸೌಂದರ್ಯವೆಂದು ಬರೆದೆ. ಒಮ್ಮೆ ಗುಡ್ಡ ಹತ್ತಿಸಿ ಒಬ್ಬನನ್ನು ಹಾಳು ಮಾಡಿದೆ, ಈಗ ಹತ್ತಿಸದೆ...

1 ಜೂನ್, ಭಾನುವಾರ

ಇಂದ್ರಾಣಿಯೊಡನೆ ಮುನಿರಾಜುವಿನ ಮನೆಗೆ. ಹಟ್ಟಿಯ ಮುಂದೆ ಚಪ್ಪರದ ಗಳ ನೆಡುತ್ತಿದ್ದರು. ಆಗಲೇ ತಿಳಿಯಿತು. ಐದನೇ ತಾರೀಖು ಲಗ್ನ. ಅದೇ ಐದು.

ಮುನಿರಾಜು ಒರಟಾಗಿ ಮಾತಾಡಲಿಲ್ಲ. ಅದೇ ಕಷ್ಟವಾಯಿತು. "ಆವತ್ತು ನಿಮ್ ಬಾಯಾಗೆ ಒಂದ್ ಮಾತ್ ಬಂದಿದ್ರೆ ಸಾಕಿತ್ತು ಮೇಷ್ಟ್ರೇ. ಈಗ ತಾಂಬೂಲ ಬದಲಾಯ್ಸಿ ಆಗೈತೆ."

ಅವನ ಹೆಂಡತಿ ಅನಸೂಯಮ್ಮ ಒಳಗಿನಿಂದಲೇ, "ನಮ್ಮುಡ್ಗೀದು ಆಟ ಸಾಲ್ದು ಅಂದೋರು ನೀವೇ ಅಲ್ವಾ? ಈಗೆಂಗೆ ಸಾಕಾಯ್ತು?" ಎಂದಳು.

ಇಂದ್ರಾಣಿ ಓದು, ಆಟ, ಎಲ್ಲ ಹೇಳಿದಳು. ಹುಡುಗಿಯನ್ನೇ ಕೇಳಿ ಎಂದಳು. ಶಶಿರೇಖ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಬಂದಳು.

"ಮಾವ ಒಳ್ಳೇವ್ನೇ ಮಿಸ್. ಮಾತ್ ಕೊಟ್ಟಿದ್ದೆ. ಸೀಟ್ ಸಿಗ್ದಿದ್ರೆ ಊ ಅಂತೀನಿ ಅಂತ."

ನಮ್ಮನ್ನು ರಸ್ತೆಯವರೆಗೆ ಬಿಟ್ಟುಬರಲು ಬಂದಳು. ಅಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದಳು.

"ಗುಡ್ಡ ಯಾಕ್ ತೆಗೆದ್ರಿ ಮೇಷ್ಟ್ರೇ? ಡೇರಿಗೆ ಆಲು ಆಕಿ ದಿನಾ ಮೊದಲ್ನೇ ರೈಲಿಗೆ ಬತ್ತಿದ್ದೆ. ಒಂದು ತಿಂಗ್ಳು. ನಿಲ್ದೇ ಎರಡು ಸಲ ಓಡ್ತಿದ್ದೆ ಮೇಲ್ಗಂಟ. ಬಾಲ್ ನಂಗೆ ಅಷ್ಟಾಗಿ ಬರಾಕಿಲ್ಲ ಅಂತ ಗೊತ್ತಿತ್ತು. ಗುಡ್ಡ ಐತಲ್ಲಾ ಅಂದ್ಕೊಂಡಿದ್ದೆ."



ಜ್ಯೇಷ್ಠ ಶುದ್ಧ ದಶಮಿ, ಗುರುವಾರ
5 ಜೂನ್, ಬಂಗಾರಪೇಟೆ ಸ್ಟೇಷನ್, ಸಂಜೆ 4.15

ಮದುವೆಗೆ ಹೋಗಿದ್ದೆ. ಹೋಗದಿರುವುದು ಇನ್ನೊಂದು ಹೇಡಿತನವಾಗುತ್ತಿತ್ತು. ಧಾರೆಯಾದ ಮೇಲೆ ದಂಪತಿಗಳು ಪಾದ ಮುಟ್ಟಿದರು. ಕೈಯಲ್ಲಿ ಅಕ್ಷತೆ ಇತ್ತು. ನೂರಾರು ಮದುವೆಗಳಲ್ಲಿ ತಡವರಿಸದೆ ಹೇಳಿದ ಆಶೀರ್ವಾದದ ಮಾತು. ಬಗ್ಗಿದವಳ ಪಾದ ಕಂಡಿತು. ಅರಿಸಿನದ ಕೆಳಗೆ, ಬೆರಳುಗಳ ಸಂದಿನಲ್ಲಿ, ಒಡೆದ ಬೊಬ್ಬೆಯ ಹಳೆಯ ಕಲೆಗಳು. ಬರಿಗಾಲಲ್ಲಿ ಓಡಿದ ಗುಡ್ಡದವು. ಅಕ್ಷತೆ ಉದುರಿತು, ಮಾತು ಬರಲಿಲ್ಲ. ಹಿಂದಿನವರು ನೂಕಿದರು. ಪಕ್ಕಕ್ಕೆ ಸರಿದೆ.

ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಹಾಸ್ಟೆಲ್ಲಿನ ಬಾಗಿಲು ಮುಚ್ಚಲು ಇನ್ನೂ ಮುಕ್ಕಾಲು ಗಂಟೆಯಿದೆ.

ಕುಪ್ಪುಸ್ವಾಮಿಗೆ ಕೊನೆಯವರೆಗೂ ಉಸಿರು ಸರಾಗವಾಗಲಿ. ಲಿಖಿತಳ ಪಾದದ ವಿದ್ಯೆ ಇನ್ನೊಬ್ಬರಿಗೆ ಕಲಿಸುವುದಕ್ಕಾದರೂ ಉಳಿಯಲಿ. ಇಂದ್ರಾಣಿಯ ಮಾತನ್ನು ಮುಂದಿನವರು ಕೇಳಲಿ. ಮುನಿರಾಜುವಿನ ಮನೆ ತಣ್ಣಗಿರಲಿ. ಆ ವರ ನಿಜಕ್ಕೂ ಒಳ್ಳೆಯವನಾಗಿರಲಿ. ಶಶಿರೇಖಳಿಗೆ... ಮಗಳೇ, ನಿನಗೆ... ಸ್ಟೇಷನ್ ಗಡಿಯಾರದಲ್ಲಿ ಐದಾಯಿತು, ಈ ಸಾಲು ಮುಗಿಯಲಿಲ್ಲ.