ಆಗಸ್ಟ್‌ನಲ್ಲಿ ದಡ್ಡನಾದದ್ದು

ಫೆಬ್ರವರಿ ೧೨, ಬುಧವಾರ

ಮೇಜಿನ ದೀಪ ಎರಡಾಗಿ ಕಾಣುತ್ತಿದೆ. ಬೆಳಿಗ್ಗೆ ಐಸ್‌ಹಾಕಿ ಆಟದ ಅಭ್ಯಾಸದಲ್ಲಿ ಅಂಕಣದ ಗೋಡೆಗೆ ಅಪ್ಪಳಿಸಿದ ತಲೆ ಇನ್ನೂ ಗುಂಯ್ ಅನ್ನುತ್ತಿದೆ.

ಕ್ಲಬ್ಬಿನ ಈ ಹಾಸ್ಟೆಲಿಗೆ ಬಂದ ವಾರವೇ ರೂಮ್‌ಮೇಟ್ ಯಾಲ್ಮಾರ್ ಕಲಿಸಿದ್ದ. "ಲೋ ಇಂಗ್ಲಿಷ್ ದೊರೆ, ಆಗಸ್ಟ್‌ನಲ್ಲಿ ನೆನಪಿನ ಪರೀಕ್ಷೆ ಮಾಡ್ತಾರೆ. ಬೇಕಂತಲೇ ದಡ್ಡನಾಗು. ತಲೆಗೆ ಏಟು ಬಿದ್ಮೇಲೆ ಮತ್ತೆ ಪರೀಕ್ಷೆ ಮಾಡಿ ಆ ಅಂಕಕ್ಕೇ ಹೋಲಿಸಿ ನೋಡೋದು, ಕಮ್ಮಿಯಾದ್ರೆ ಆಡೋಕೆ ಬಿಡಲ್ಲ. ಸ್ವೀಡನ್ನಲ್ಲಿ ಎಲ್ರೂ ಹೀಗೇ ಕಣೋ!" ನಾನೂ ಪದಗಳನ್ನು ಮರೆತವನಂತೆ ತಡವರಿಸಿದ್ದೆ.

ಇವತ್ತು ಮರುಪರೀಕ್ಷೆಯಲ್ಲಿ ಪದಗಳು ನಿಜವಾಗಿಯೇ ನೆನಪಾಗಲಿಲ್ಲ. ತಂಡದ ಡಾಕ್ಟರ್ ಸೋಲ್ವೆಯ್ ಎರಡೂ ಸಲದ ಅಂಕ ನೋಡಿ ನಕ್ಕರು. "ಆಗಸ್ಟ್‌ನಲ್ಲಿ ಹೇಗಿದ್ಯೋ ಹಾಗೇ ಇದ್ದೀಯ ಮರಿ. ಶುಕ್ರವಾರ ಧಾರಾಳವಾಗಿ ಆಡು."

ಶುಕ್ರವಾರ ಹಿರಿಯರ ತಂಡದಲ್ಲಿ ನನ್ನ ಮೊದಲ ಪಂದ್ಯ. ಚೆನ್ನಾಗಿ ಆಡಿದರೆ ವೃತ್ತಿ ಆಟಗಾರನ ಕರಾರು ಕೈಗೆ. ಬಾಯಿ ಬಿಟ್ಟರೆ ಆ ಜಾಗ ಹೋಗುತ್ತದೆ, ಯಾಲ್ಮಾರ್ ಮತ್ತು ಉಳಿದವರೂ ಸಿಕ್ಕಿಬೀಳುತ್ತಾರೆ. ಬಿಡದಿದ್ದರೆ, ಇನ್ನೊಂದು ಏಟು ಬಿದ್ದರೆ? ಅದನ್ನು ಯೋಚಿಸಲಾರೆ.

ಲೀಡ್ಸ್‌ನಿಂದ ಅಮ್ಮ ಫೋನ್ ಮಾಡಿದ್ದಳು. ಪಂದ್ಯಕ್ಕೆ ಬರುತ್ತಾಳಂತೆ. "ಡಾಕ್ಟರ್ ಏನಂದ್ರು ಪುಟ್ಟಾ?"

"ಸರಿ ಇದ್ದೀನಿ ಅಂದ್ರು ಅಮ್ಮಾ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

"ದೀಪ ಆರಿಸೋ ಮಾರಾಯ" ಎಂದು ಯಾಲ್ಮಾರ್ ಗೊಣಗುತ್ತಿದ್ದಾನೆ. ಎರಡು ಸಲ ಕೈ ಚಾಚಿದೆ, ಎರಡು ಸಲವೂ ಬರೀ ಗಾಳಿ. ಇನ್ನೊಂದು ದೀಪವೇ ನಿಜದ್ದಿರಬೇಕು.