ದನಿ ಕೇಳಿ ಹೊರಟ ದೋಣಿಗಳು

ಜನವರಿ ೧೧, ಬೆಳಿಗ್ಗೆ ೪:೩೦
ರೇಡಿಯೋದಲ್ಲಿ ಇವತ್ತಿನ ಅಲೆ ಲೆಕ್ಕ ಓದಿ ಮುಗಿಸಿದೆ. ಮೊಣಕಾಲೆತ್ತರದ ಅಲೆ, ಮಧ್ಯಾಹ್ನ ಸೊಂಟದವರೆಗೆ. ಮೀಟರ್ ಅಂದ್ರೆ ಇಲ್ಲಿ ಯಾರ ತಲೆಗೂ ಹೋಗಲ್ಲ. ಹವಾಮಾನ ಇನ್‌ಸ್ಟಿಟ್ಯೂಟ್‌ನ ಮಿಸ್ ಅಬೆಯಾ ಅವರ ಕಂಪ್ಯೂಟರ್ ಒಳಗೆ ನಮ್ಮ ವಿಸಾಯನ್ ಸಮುದ್ರದಂಥದ್ದೇ ಇನ್ನೊಂದು ಸಮುದ್ರ ಓಡ್ತಿದೆಯಂತೆ, ಒಂದು ದಿನ ಮುಂದೆ. ಅದನ್ನ ಮೀನಿಗೆ ಹೋಗೋರಿಗೆ ನಮ್ಮ ಮಾತಲ್ಲಿ ಹೇಳೋದು ನನ್ನ ಕೆಲಸ.

ಫ್ರೋಯಿಲಾನ್ ಜೊತೆ ಮಾತಿಲ್ಲ. ನಿನ್ನೆ ಹೆಂಡದ ಗುಂಪಲ್ಲಿ ನಾನು ಓದೋದನ್ನ ಮೂಗಲ್ಲಿ ಅಣಕಿಸಿದ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಕಟ್ಟಿಕೊಂಡ ಗಂಡ!

ಜನವರಿ ೧೨
ಅಲೆ ಪಾದ ತೋಯೋಷ್ಟೂ ಇಲ್ಲ. ಅದನ್ನೇ ಓದಿದೆ. ಒಂದೂ ದೋಣಿ ಇಳೀಲಿಲ್ಲ. ಪಕ್ಕದ ಮನೆ ಪೊಲ್ದಿಂಗ್‌ನ ಕೇಳಿದ್ರೆ—
"ಅಕ್ಕಾ, ನೀನು ಓದೋ ಲೆಕ್ಕ ಯಾರಿಗೆ ಬೇಕು? ನಾವು ದನಿ ಕೇಳ್ತೀವಿ. ಇವತ್ತು ನಿನ್ನ ದನೀಲಿ ಚಂಡಮಾರುತ ಇತ್ತಲ್ಲ!"
ಮೊದಲಿಂದಲೂ ಹೀಗೇನಂತೆ. ಮಿಸ್ ಅಬೆಯಾಗೆ ಫೋನಲ್ಲಿ ಹೇಳಿದೆ. ಇನ್ನೊಮ್ಮೆ ಹೇಳಿ ಅಂದರು, ಪಾಪ.

ಜನವರಿ ೧೫, ಬೆಳಿಗ್ಗೆ ೫
ನಿನ್ನೆ ಸಂಜೆ ಫ್ರೋಯಿಲಾನ್ ಚಾಕೊಲೇಟ್ ಹಾಕಿ ಗಂಜಿ ಕಾಸಿದ. ತಳ ಸೀದಿತ್ತು. "ತಪ್ಪಾಯ್ತು ಕಣೇ ವಿರ್ಜೀ. ನೀನು ಮಾತಾಡದಿದ್ರೆ ಮನೆ ಬಿಕೋ ಅನ್ನುತ್ತೆ." ಬಟ್ಟಲು ನೆಕ್ಕಿದೆ. ಈ ಮನುಷ್ಯ ಅಂದ್ರೆ ಪ್ರಾಣ, ಏನ್ಮಾಡೋದು.

ಈಗಷ್ಟೇ ಓದಿದೆ: ಈಗ ಶಾಂತ, ಹತ್ತು ಗಂಟೆ ಮೇಲೆ ಆಳೆತ್ತರದ ಅಲೆ, ಯಾರೂ ಹೋಗಬೇಡಿ.

೭:೦೦
ಅಯ್ಯೋ ದೇವರೇ. ತೀರದಲ್ಲಿ ಒಂದೂ ದೋಣಿ ಇಲ್ಲ. ಫ್ರೋಯಿಲಾನ್‌ದೂ ಇಲ್ಲ. ಖುಷೀಲಿ ಹಾಡೋ ಹಾಗೆ ಓದಿಬಿಟ್ಟಿದ್ದೆ!

ರೇಡಿಯೋ ಹಿಡಿದು ಮತ್ತೆ ಓದಿದೆ. "ಏನಕ್ಕಾ, ರಾಜಿ ಆಯ್ತಾ?" ಅಂತ ಪೊಲ್ದಿಂಗ್ ದೋಣಿ ರೇಡಿಯೋದಲ್ಲಿ ನಗ್ತಾನೆ. ತಡೀಲಾರದೆ ಗೊಳೋ ಅಂತ ಅತ್ತೆ. ಆಗ ದೋಣಿ ತಿರುಗಿಸಿದರು.

ಮಧ್ಯಾಹ್ನ ೧
ಎಲ್ಲ ಬಂದರು. ಅವನೊಬ್ಬ ಇಲ್ಲ. ಇಂಜಿನ್ ನಿಂತಿದೆ ಅಂತ ಒಮ್ಮೆ ರೇಡಿಯೋದಲ್ಲಿ ಅಂದ, ಆಮೇಲೆ ಸದ್ದಿಲ್ಲ.

ಮಿಸ್ ಅಬೆಯಾ ಲೆಕ್ಕ ಹಾಕಿ ಕಳಿಸಿದ್ದಾರೆ. ಮೂರರಿಂದ ಅಲೆ ಸೊಂಟಕ್ಕಿಳಿಯುತ್ತೆ. ನೀರು ಅವನನ್ನ ದಕ್ಷಿಣದ ಮರಳುದಿಬ್ಬದ ಕಡೆ ಒಯ್ದಿರುತ್ತೆ. ಹುಡುಕೋಕೆ ಹೋಗಬಹುದು. ಫೋನ್ ತೋರಿಸಿದೆ, ಯಾರೂ ನೋಡಲಿಲ್ಲ. ನನ್ನ ಮುಖವನ್ನೇ ನೋಡ್ತಾರೆ.
"ನೀನು ಓದಕ್ಕಾ, ಕೇಳ್ತೀವಿ" ಅಂದ ಪೊಲ್ದಿಂಗ್.
ದನಿ ನಡುಗಿದ್ರೆ ಯಾರೂ ಇಳಿಯಲ್ಲ...

೩:೧೦
ಬಾಗಿಲು ಹಾಕ್ಕೊಂಡು ಮುಖ ತೊಳೆದೆ. ನಗುನಗ್ತಾ ಓದಿದೆ. ಹೊರಗೆ ಒಂದು ಇಂಜಿನ್ ಶುರುವಾಯ್ತು. ಇನ್ನೊಂದು. ಆಮೇಲೆ ಎಲ್ಲವೂ.

೫:೨೦
ದಿಬ್ಬದ ಕಡೆಯಿಂದ ಬರ್ತಿದ್ದಾರೆ. ಪೊಲ್ದಿಂಗ್ ದೋಣಿ ಹಿಂದೆ ಹಗ್ಗಕ್ಕೆ ನಮ್ಮ ಹಸಿರು ದೋಣಿ. ಖಾಲಿ. ಖಾಲಿ! ಇಲ್ಲ... ಮುಂದಿನ ದೋಣೀಲಿ ಯಾರೋ ಟಾರ್ಪಾಲು ಹೊದ್ದು ಕೂತಿದ್ದಾರೆ. ರೇಡಿಯೋ ಕರಕರ ಅಂತಿದೆ.
"ಅಕ್ಕಾ, ನಿನ್ನ ಗಂಡ ಏನೋ ಹೇಳ್ಬೇಕಂತೆ. ತಡಿ, ಕೊಡ್ತೀನಿ..."
ಕೊಡೋ, ಬೇಗ ಕೊಡೋ—