ಸಂದರ್ಶಕರ ಪುಸ್ತಕವೆಂದು ತಿಳಿದು ನಾನು ಬರೆದ ಎರಡು ವಾಕ್ಯ

ಪ್ರಾಂತೀಯ ಪ್ರವಾಸೋದ್ಯಮ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಕೈಪಿಡಿಯ ಇಪ್ಪತ್ತಮೂರನೆಯ ಪುಟದ ಒಂದು ಮಾತನ್ನು ನಂಬಿ, ಕಳೆದ ವರ್ಷ ಮೇ ತಿಂಗಳಲ್ಲಿ ನಾನು ಸಾವಿನ ಮನೆಯೊಂದಕ್ಕೆ ಪ್ರವಾಸಿಯಾಗಿ ಹೋಗಿ ಬಂದೆ. "ಈ ಊರುಗಳಲ್ಲಿ ಬಾಗಿಲು ಮುಚ್ಚುವ ಪದ್ಧತಿಯಿಲ್ಲ. ತೆರೆದ ಬಾಗಿಲು ಕಂಡರೆ ಸಂಕೋಚವಿಲ್ಲದೆ ಒಳಗೆ ಹೋಗಿ, ಅಂಗಳ ನೋಡಿ, ಮನೆಯವರಿಗೆ ಅದೇ ಹೆಮ್ಮೆ." ಇದು ನಿಮ್ಮ ಮಾತು. ಇದರ ಮೇಲೆ ನನ್ನ ದೂರಿದೆ. ಇದಕ್ಕಿಂತ ದೊಡ್ಡ ದೂರು ನನ್ನ ಮೇಲೆಯೇ ಇದೆ. ಅದನ್ನು ಸಲ್ಲಿಸಲು ಬೇರೆ ಕಚೇರಿ ಇಲ್ಲದ್ದರಿಂದ ಎರಡನ್ನೂ ನಿಮಗೇ ಬರೆಯುತ್ತಿದ್ದೇನೆ.

ಸ್ಪ್ಯಾನಿಷ್ ಮಾತಾಡುವ ನಿಮಗೆ ಕನ್ನಡ ಬಾರದು ಎಂದು ಗೊತ್ತಿದೆ. ಇದರ ಇಂಗ್ಲಿಷ್ ಪ್ರತಿ ಅಂಚೆಯಲ್ಲಿ ಹೊರಟಿದೆ. ಆದರೂ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಇದನ್ನು ಬಹಿರಂಗವಾಗಿ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಕಳೆದ ದೀಪಾವಳಿ ಸಂಚಿಕೆಯಲ್ಲಿ, ಇದೇ ಪತ್ರಿಕೆಯಲ್ಲಿ, ನಾನು ನಿಮ್ಮ ಪ್ರಾಂತ್ಯದ ಬಗ್ಗೆ ನಾಲ್ಕು ಪುಟದ ಪ್ರವಾಸ ಕಥನ ಬರೆದೆ. ಅದರಲ್ಲಿ ಆ ಮನೆಯೂ ಇತ್ತು. "ಕಪ್ಪು ಉಡುಗೆಯ ಹೆಂಗಸರು ಬಿಳಿಗೋಡೆಗೆ ಒರಗಿ ಚಿತ್ರದಲ್ಲಿದ್ದಂತೆ ಕುಳಿತಿದ್ದರು" ಎಂದು ಬರೆದಿದ್ದೆ. ಶೆಫೀಲ್ಡಿನಿಂದ ಲೆಮಿಂಗ್ಟನ್‌ವರೆಗೆ ಎಲ್ಲರೂ ಮೆಚ್ಚಿ ಫೋನ್ ಮಾಡಿದರು. ಅವರು ಏಕೆ ಕಪ್ಪು ಉಟ್ಟಿದ್ದರು ಎಂಬುದು ಅದನ್ನು ಬರೆಯುವಾಗಲೇ ನನಗೆ ಗೊತ್ತಿತ್ತು.

ಮೊದಲು ನಿಮ್ಮ ಕೈಪಿಡಿ. "ಕಡಲ ಸೀಮೆಯ ಹನ್ನೊಂದು ಚೆಲುವಿನ ಊರುಗಳು." ಹೊಳೆಯುವ ಕಾಗದ, ಒಳ್ಳೆಯ ಇಂಗ್ಲಿಷ್. ಗುಡ್ಡದ ನೆತ್ತಿಯ ಊರು, ರೋಮನ್ನರು ಮೀನಿಗೆ ಉಪ್ಪು ಹಾಕುತ್ತಿದ್ದ ಊರು, ಮಸೀದಿಯ ಬುಡದ ಮೇಲೆ ಇಗರ್ಜಿ ಎದ್ದ ಊರು. ಪ್ರತಿ ಪುಟದಲ್ಲೂ ಸುಣ್ಣ ಬಳಿದ ಗೋಡೆ, ನೀಲಿ ಹೂಕುಂಡ, ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿರುವ ಒಂದು ಬೆಕ್ಕು. ಮನುಷ್ಯರು ಮಾತ್ರ ಒಂದು ಪುಟದಲ್ಲೂ ಇಲ್ಲ. ಆ ಬೀದಿಗಳನ್ನು ಗುಡಿಸುವವರು ಯಾರು? ಆ ಗೋಡೆಗೆ ವರ್ಷವರ್ಷ ಸುಣ್ಣ ಬಳಿಯುವವರು ಯಾರು? ಅವರಿಗೆ ಜ್ವರ ಬರುತ್ತದೆಯೆ? ಅವರ ಮನೆಯಲ್ಲಿ ಯಾರಾದರೂ ಸಾಯುತ್ತಾರೆಯೆ? ನಿಮ್ಮ ಕೈಪಿಡಿಯ ಪ್ರಕಾರ ಆ ಹನ್ನೊಂದು ಊರುಗಳಲ್ಲಿ ಎಂಟುನೂರು ವರ್ಷಗಳಿಂದ ಯಾರೂ ಸತ್ತಿಲ್ಲ. ಬೆಕ್ಕಿಗೂ ಮುಪ್ಪು ಬಂದಿಲ್ಲ. ಇಂಥ ಊರುಗಳನ್ನು ನೋಡದೆ ಇರುವುದು ಹೇಗೆ?

ನಾವು ಐವರು ಹೋದೆವು. ನಾನು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯರಾಗಿರುವ ನನ್ನ ಪತಿ ಚಿದಾನಂದ, ಆಗ ಹದಿನೈದು ತುಂಬಿದ್ದ ಮಗಳು ಅರ್ಪಿತಾ, ಲೆಮಿಂಗ್ಟನ್‌ನಿಂದ ಗೆಳತಿ ಜಲಜಾ ಮತ್ತು ಆಕೆಯ ಪತಿ ತಿಮ್ಮಯ್ಯ. ಶಾಲೆಗೆ ಹಾಫ್ ಟರ್ಮ್ ರಜೆ. ಅರ್ಪಿತಾ ಶಾಲೆಯಲ್ಲಿ ಸ್ಪ್ಯಾನಿಷ್ ಓದುತ್ತಿದ್ದುದರಿಂದ ಅವಳೇ ನಮ್ಮ ದುಭಾಷಿ. ಮೂರು ಊರುಗಳನ್ನು ಮುಗಿಸಿ ಮಂಗಳವಾರ ಬೆಳಿಗ್ಗೆ ನಾಲ್ಕನೆಯದಕ್ಕೆ ಬಂದೆವು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವರು ಇನ್ನೂ ಹತ್ತು ಜನ ಆ ಮನೆ ಹುಡುಕಿಕೊಂಡು ಹೋಗಬಾರದು.

ಇಗರ್ಜಿಯ ಹಿಂದಿನ ಓಣಿ ಬಿಜಾಪುರದಲ್ಲಿ ನಾನು ಹುಟ್ಟಿ ಬೆಳೆದ ಓಣಿಯ ಹಾಗೆಯೇ ಇತ್ತು. ಕಿರಿದು, ತಂಪು, ಮೇಲೊಂದು ಕಮಾನು. ಆರನೆಯದೋ ಏಳನೆಯದೋ ಮನೆಯ ಬಾಗಿಲಿನ ಎರಡೂ ಕದಗಳು ಪೂರ್ತಿ ತೆರೆದಿದ್ದವು. ಹೊರಗೆ ಗೋಡೆಗುಂಟ ಏಳೆಂಟು ಬೇರೆ ಬೇರೆ ತರಹದ ಕುರ್ಚಿಗಳು. ನಾಲ್ಕೈದು ಗಂಡಸರು ಮಾತಿಲ್ಲದೆ ಕುಳಿತಿದ್ದರು.

ಮಾನ್ಯರೇ, ಇಲ್ಲಿ ನಿಲ್ಲುತ್ತೇನೆ. ನೀವು ನಿಲ್ಲಿಸದಿದ್ದರೂ ನಾನು ನಿಲ್ಲಬೇಕಾಗಿತ್ತು. ಬೇರೆ ಬೇರೆ ತರಹದ ಕುರ್ಚಿಗಳು ಎಂದರೆ ನೆರೆಮನೆಗಳಿಂದ ತಂದ ಕುರ್ಚಿಗಳು. ಹಗಲು ಹೊತ್ತಿನಲ್ಲಿ ಗಂಡಸರು ಕೆಲಸ ಬಿಟ್ಟು ಒಂದು ಮನೆಯ ಮುಂದೆ ಸುಮ್ಮನೆ ಕುಳಿತಿದ್ದಾರೆ ಎಂದರೆ ಏನರ್ಥ? ನಮ್ಮ ಓಣಿಯಲ್ಲಿ ಆರು ವರ್ಷದ ಮಗುವಿಗೂ ಗೊತ್ತಾಗುತ್ತಿತ್ತು. ಆ ಮನೆಯ ಮುಂದೆ ಆಟ ನಿಲ್ಲಿಸಿ, ಸುತ್ತು ಹಾಕಿ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಿದ್ದೆವು. ಧಾರವಾಡದಲ್ಲಿ ಎಂ.ಎ. ಮುಗಿಸಿ, ಇಲ್ಲಿಗೆ ಬಂದು ಮತ್ತೊಂದು ಸ್ನಾತಕೋತ್ತರ ಪದವಿಗೆ ಓದುತ್ತಿರುವ, ಕವಿತೆ ಎಂದರೆ ನೋಡುವುದನ್ನು ಕಲಿಸುವ ವಿದ್ಯೆ ಎಂದು ಕೂಟದಲ್ಲಿ ಭಾಷಣ ಮಾಡಿದ ನನಗೆ ಅದು ಗೊತ್ತಾಗಲಿಲ್ಲ. ನನ್ನ ಕೈಯಲ್ಲಿ ನಿಮ್ಮ ಕೈಪಿಡಿ ಇತ್ತು.

ಬಾಗಿಲಲ್ಲಿ ನಿಂತಿದ್ದ ವೃದ್ಧರು ನನ್ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದು ಏನೋ ಹೇಳಿದರು. ಬಂದಿದ್ದಕ್ಕೆ ಥ್ಯಾಂಕ್ಸ್ ಅಂತಿದ್ದಾರೆ ಎಂದಳು ಅರ್ಪಿತಾ. ಎಂಥ ಆತಿಥ್ಯ ಎಂದುಕೊಂಡು ನಾನು ಹಲ್ಲು ಕಾಣುವಂತೆ ನಕ್ಕೆ. ಅಂಗಳದಲ್ಲಿ ಒಂದು ಬಾವಿ, ಸುತ್ತ ಐವತ್ತು ಅರವತ್ತು ಹೂಕುಂಡಗಳು, ಗೋಡೆಗೆ ಒರಗಿ ಹೆಂಗಸರು. ತಿಮ್ಮಯ್ಯನವರು ಫೋಟೋ ತೆಗೆದರು. ಜಲಜಾ ಕಡುಗೆಂಪು ಜೆರೇನಿಯಂ ಗಿಡವೊಂದರ ಮುಂದೆ ನಿಂತುಬಿಟ್ಟಳು. "ರೀ ಪ್ರಭಾ, ಈ ಬಣ್ಣ ನಮ್ಮಲ್ಲಿ ಸಿಗಲ್ಲ ಕಣ್ರೀ. ಒಂದು ಕಡ್ಡಿ ಮುರ್ಕೊಡ್ತಾರಾ, ನಿಮ್ಮ ಮಗಳ ಹತ್ರ ಕೇಳ್ಸಿ."

ಅರ್ಪಿತಾ ಕೇಳಲಿಲ್ಲ. ನನ್ನ ತೋಳು ಹಿಡಿದು, "ಅಮ್ಮಾ, ಐ ಡೋಂಟ್ ಥಿಂಕ್ ವಿ ಶುಡ್ ಬಿ ಹಿಯರ್" ಎಂದಳು. ಹದಿನೈದರ ಮಕ್ಕಳಿಗೆ ಅಪ್ಪ ಅಮ್ಮಂದಿರ ಜೊತೆ ಎಲ್ಲಿದ್ದರೂ ಹಾಗೇ ಅನ್ನಿಸುತ್ತದೆ ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಡೆಗೆ ಕೈಸನ್ನೆಯಲ್ಲೇ ಕಡ್ಡಿ ಕೇಳಿದವಳು ನಾನು. ಸುಮಾರು ನನ್ನ ವಯಸ್ಸಿನ ಹೆಂಗಸೊಬ್ಬಳು ಎದ್ದು ಬಂದು, ಒಂದು ಕ್ಷಣ ಆ ಗಿಡವನ್ನು ನೋಡಿ, ಮುರಿದು ಕೊಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಬೇಸಿಗೆಯ ಧೂಳು ಎಂದುಕೊಂಡೆ. ಅದು ಅವಳ ತಾಯಿ ನೆಟ್ಟ ಗಿಡ. ಆ ಕಡ್ಡಿ ಈಗ ಲೆಮಿಂಗ್ಟನ್‌ನಲ್ಲಿ ಜಲಜಾಳ ಅಡುಗೆಮನೆಯ ಕಿಟಕಿಯಲ್ಲಿದೆ, ಚೆನ್ನಾಗಿ ಹಬ್ಬಿದೆ.

ಹೊರಡುವಾಗ ಬಾಗಿಲ ಪಕ್ಕದ ಪುಟ್ಟ ಮೇಜಿನ ಮೇಲೆ ಒಂದು ದೊಡ್ಡ ಪುಸ್ತಕ, ಪೆನ್ನು. ಪುಟದ ತುಂಬ ಸಹಿಗಳು. ನಮ್ಮ ಕೂಟದಲ್ಲಿ ಒಂದು ನಿರ್ಣಯವಿದೆ: ಯಾವ ದೇಶದಲ್ಲಿ ಸಂದರ್ಶಕರ ಪುಸ್ತಕ ಕಂಡರೂ ಕನ್ನಡದಲ್ಲೇ ಬರೆಯಬೇಕು. ರಾಜ್ಯೋತ್ಸವದ ದಿನ ಕೈಯೆತ್ತಿ ಒಪ್ಪಿದ್ದೆವು. ನನ್ನ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಶಾಲೆಯ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ ಎರಡು ವಾಕ್ಯಗಳನ್ನು ನಮಗೆ ಹೆಮ್ಮೆಯಿಂದ ಓದಿ ಹೇಳುತ್ತಿದ್ದರು. ಆ ವಾಕ್ಯಗಳು ನನ್ನ ಕೈಗೇ ಬಾಯಿಪಾಠವಾಗಿದ್ದವು. ದುಂಡಗೆ ಬರೆದೆ: "ನೋಡಿ ತುಂಬಾ ಸಂತೋಷವಾಯಿತು. ಹೀಗೆಯೇ ಮುಂದುವರಿಯಲಿ." ಕೆಳಗೆ ಇಂಗ್ಲಿಷ್‌ನಲ್ಲಿ ಹೆಸರು, ಶೆಫೀಲ್ಡಿನ ಬ್ರೂಮ್‌ಹಿಲ್‌ನ ವಿಳಾಸ, ಪೋಸ್ಟ್‌ಕೋಡ್ ಸಮೇತ.

ಪಕ್ಕದ ಬೀದಿಯಲ್ಲಿ ಕಾಫಿಗೆ ಕುಳಿತೆವು. ಅಂಗಡಿಯವನಿಗೆ ಇಂಗ್ಲಿಷ್ ಬರುತ್ತಿತ್ತು. ನಾವು ಆ ಮನೆಯಿಂದ ಹೊರಬಂದದ್ದನ್ನು ನೋಡಿದ್ದನಂತೆ. ಕಾಫಿ ಲೋಟಗಳನ್ನು ಇಟ್ಟು, ದನಿ ತಗ್ಗಿಸಿ, ತೀರಿಕೊಂಡಾಕೆ ನಿಮಗೆ ಹೇಗೆ ಪರಿಚಯ ಎಂದು ಕೇಳಿದ. ಅವನು ನಮ್ಮ ಮೌನವನ್ನು ದುಃಖವೆಂದು ತಿಳಿದು ತಿಮ್ಮಯ್ಯನವರ ಭುಜ ತಟ್ಟಿ ಹೋದ. ವಾಪಸು ಹೋಗಿ ಕ್ಷಮೆ ಕೇಳೋಣ ಎಂದವಳು ಅರ್ಪಿತಾ ಒಬ್ಬಳೇ. ಅವರ ಗೋಳಿನ ನಡುವೆ ನಮ್ಮದೊಂದು ಬೇಡ ಎಂದು ನಾನು ಬುದ್ಧಿ ಹೇಳಿದೆ. ಬುದ್ಧಿ ಎಂಬ ಹೆಸರಿನಲ್ಲಿ ನಾನು ಆ ದಿನ ಮಾಡಿದ್ದು ಪಲಾಯನ. ಜೂನ್ ಬರುವಷ್ಟರಲ್ಲಿ ಅದು ಕೂಟದ ಊಟಗಳಲ್ಲಿ ಹೇಳುವ ಜೋಕ್ ಆಗಿತ್ತು. ಗಂಡಸರು ಹೇಳುತ್ತಿದ್ದರು, ನಾನು ತಡೆಯುತ್ತಿರಲಿಲ್ಲ.

ಇನ್ನು ನಿಮ್ಮ ಪಾಲು. ಈ ವರ್ಷ ಜನವರಿಯಲ್ಲಿ ನಿಮ್ಮ ಕಚೇರಿಯ ಮೊಹರಿನ ಪತ್ರ ಬಂತು. ಕಡ್ಡಿ ಮುರಿದುಕೊಟ್ಟ ಆ ಮಗಳು (ಇಲ್ಲಿ ಆಕೆಯನ್ನು ರೊಸಾರಿಯೊ ಎನ್ನುತ್ತೇನೆ, ನಿಜವಾದ ಹೆಸರು ನಿಮಗೆ ಗೊತ್ತಿದೆ) ಆ ಸಂತಾಪದ ಪುಸ್ತಕದಲ್ಲಿ ನಾನು ಬರೆದ ಪುಟದ ನಕಲು ಹಿಡಿದು ನಿಮ್ಮಲ್ಲಿಗೆ ಬಂದಿದ್ದಳಂತೆ. ಇದು ಯಾವ ಲಿಪಿ, ಅಷ್ಟು ದೂರದವರು ತನ್ನ ತಾಯಿಗೆ ಏನೆಂದು ಬರೆದಿದ್ದಾರೆ ಎಂದು ಆಕೆಗೆ ತಿಳಿಯಬೇಕಂತೆ. ಮೇ ಇಪ್ಪತ್ತೇಳಕ್ಕೆ ಇಗರ್ಜಿಯಲ್ಲಿ ನಡೆಯುವ ವರ್ಷದ ಪೂಜೆಗೆ ತಾಯಿಯ ಫೋಟೋ ಹಾಕಿ ಒಂದು ಸಣ್ಣ ಕಾರ್ಡ್ ಅಚ್ಚು ಮಾಡಿಸುತ್ತಾರಂತೆ. ಅದರ ಮೇಲೆ ನನ್ನ ಕೈಬರಹ, ಕೆಳಗೆ ಸ್ಪ್ಯಾನಿಷ್ ಅರ್ಥ. ಆ ಪತ್ರದ ಕೊನೆಯಲ್ಲಿ ನೀವೇ ಸ್ವಹಸ್ತದಿಂದ ಒಂದು ಸಾಲು ಸೇರಿಸಿದ್ದಿರಿ: ನಮ್ಮ ಪ್ರಾಂತ್ಯದ ತೆರೆದ ಬಾಗಿಲಿಗೆ ಇದಕ್ಕಿಂತ ಸುಂದರ ಸಾಕ್ಷಿ ಸಿಗದು, ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ ಈ ಪ್ರಸಂಗವನ್ನು ಅಚ್ಚು ಹಾಕುತ್ತೇವೆ ಎಂದು. ಧನ್ಯವಾದ. ನಿಮ್ಮ ಊರಿನಲ್ಲಿ ಕೊನೆಗೂ ಒಬ್ಬರು ಸತ್ತರು, ಅದೂ ಪ್ರಚಾರಕ್ಕೆ ಒದಗಿ ಬಂತು.

ಏನು ಬರೆಯಲಿ ಎಂದು ಪತಿಯನ್ನು ಕೇಳಿದೆ. "ಅಲ್ಲಿ ಕನ್ನಡ ಓದಾವ್ರು ಯಾರ ಅದಾರ? ಛಲೋ ಮಾತು ನಾಕು ಬರದ ಕಳಸು. ರೋಗಿಗೆ ಎಲ್ಲಾನೂ ಹೇಳ್ತೇವೇನು ನಾವು?" ಎಂದರು. ಅವರನ್ನು ದೂರುವುದಿಲ್ಲ. ನಾನು ಕೇಳಿದ್ದೇ ಆ ಉತ್ತರಕ್ಕಾಗಿ.

ಮಾನ್ಯರೇ, ಕವಿತೆ ಓದುವವರಿಗೆ ಸುಳ್ಳು ಚೆನ್ನಾಗಿ ಒಲಿಯುತ್ತದೆ. ಒಂದು ಸಂಜೆ ಕುಳಿತು ಹೀಗೆ ಮಾಡಿದೆ: "ಹೊರಟವರ ದಾರಿ ಹಗುರವಾಗಲಿ. ಉಳಿದವರಿಗೆ ಅವರು ನೆಟ್ಟದ್ದರ ನೆರಳು ಸಿಗಲಿ." ನಾನು ಜೀವನದಲ್ಲಿ ಬರೆದ ಒಳ್ಳೆಯ ಸಾಲುಗಳು ಇವೇ. ಪುಸ್ತಕದಲ್ಲಿ ಬರೆದದ್ದು ಇದೇ ಎಂದು ಹೇಳಿ ಅರ್ಪಿತಾಳಿಂದ ಸ್ಪ್ಯಾನಿಷ್‌ಗೆ ಮಾಡಿಸಿದೆ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುತ್ತಿರಲಿಲ್ಲ. ನಂಬಿದಳು. "ದಟ್ಸ್ ರಿಯಲಿ ಲವ್ಲಿ, ಅಮ್ಮ" ಎಂದಳು. ಅಂದು ಓಡಿಬಂದದ್ದನ್ನು ಅವಳು ಮನ್ನಿಸಿದಂತೆ ಕಂಡಿತು. ಆ ಕ್ಷಮೆಯನ್ನೂ ನಾನು ತೆಗೆದುಕೊಂಡೆ. ಪತ್ರವನ್ನು ಫೆಬ್ರವರಿಯಲ್ಲಿ ನಿಮಗೆ ಕಳಿಸಿದೆ. ರೊಸಾರಿಯೊ ಓದಿ ಅತ್ತಳು ಎಂದು ನಿಮ್ಮ ಗುಮಾಸ್ತೆ ಉತ್ತರ ಬರೆದರು.

ನಿಮ್ಮ ಗುಮಾಸ್ತೆಯ ಅದೇ ಪತ್ರದ ಜೊತೆ, ಅಚ್ಚಿಗೆ ಸರಿಯಿದೆಯೇ ನೋಡಿ ಎಂದು, ನನ್ನ ಕೈಬರಹದ ನಕಲೂ ಇತ್ತು. ಅದು ಊಟದ ಮೇಜಿನ ಮೇಲೆ ಬಿದ್ದಿತ್ತು. ಈ ವರ್ಷದಿಂದ ಅರ್ಪಿತಾ ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿದ್ದಾಳೆ. ಆ ಸ್ಪ್ಯಾನಿಷ್ ಸಾಲಿನ ಮೂಲವನ್ನು ತಾನೇ ಓದಬೇಕು ಎಂಬ ಆಸೆಯಿಂದ ಸೇರಿದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಒಲೆಯ ಮುಂದಿದ್ದೆ. ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಓದುವುದು ಕೇಳಿಸಿತು. ನೋ, ಡಿ. ತುಂ, ಬಾ. ಮುಂದಿನ ಪದ ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಕೇಳಿದಳು:

"ಅಮ್ಮ, ಸಂತೋಷ ಅಂದ್ರೆ ಹ್ಯಾಪಿ ಅಲ್ವಾ?"

ಹೌದು ಎಂದೆ.

"ಸೋ ಯು ರೋಟ್ ದಟ್ ಯು ವರ್ ಹ್ಯಾಪಿ."

ಅವಳು ಕೂಗಾಡಲಿಲ್ಲ. ಕಾಗದವನ್ನು ಮಡಿಸಿ ಇಟ್ಟು, "ಆ ಸಾಲು ನಾನು ಬರೆದೆ ಅಂತ ಆ ಆಂಟಿ ಅಂದುಕೊಂಡಿರುತ್ತಾರೆ, ಸ್ಪ್ಯಾನಿಷ್ ನಂದಲ್ವಾ?" ಎಂದಳು. ಇದೂ ನಿಜ. ಕನ್ನಡ ನನ್ನದು, ಸುಳ್ಳು ನನ್ನದು, ಸ್ಪ್ಯಾನಿಷ್ ಮಾತ್ರ ಮಗುವಿನದು.

ಆದ್ದರಿಂದ ಕೇಳುತ್ತಿದ್ದೇನೆ. ಕೇಳುವ ಯೋಗ್ಯತೆ ಇಲ್ಲದಿದ್ದರೂ, ರೊಸಾರಿಯೊಳ ವಿಳಾಸ ನಿಮ್ಮಲ್ಲಿ ಮಾತ್ರ ಇರುವುದರಿಂದ. ಆ ಕಾರ್ಡ್ ಅಚ್ಚಾಗುವುದನ್ನು ಇಂದೇ ತಡೆಯಿರಿ. ಮೇ ಇಪ್ಪತ್ತೇಳಕ್ಕೆ ಇನ್ನು ಐದು ವಾರವಿದೆ. ಕೈಪಿಡಿಯ ಮುಂದಿನ ಆವೃತ್ತಿಯಿಂದ ನನ್ನನ್ನೂ, ಇಪ್ಪತ್ತಮೂರನೆಯ ಪುಟದ ಆ ಮಾತನ್ನೂ ತೆಗೆದುಹಾಕಿ. ಅದರ ಜಾಗದಲ್ಲಿ, ಹೊರಗೆ ಕುರ್ಚಿ ಹಾಕಿರುವ ಮನೆಯ ಮುಂದೆ ದನಿ ತಗ್ಗಿಸಿ ನಡೆಯಿರಿ ಎಂದು ಒಂದು ಸಾಲು ಬರೆಯಿರಿ. ಚೆಲುವಿಗೆ ಅದರಿಂದ ಕುಂದು ಬರುವುದಿಲ್ಲ.

ಇಂಗ್ಲಿಷ್ ಪ್ರತಿಯ ಜೊತೆ ಒಂದು ಮುಚ್ಚಿದ ಲಕೋಟೆ ಇದೆ. ಅದನ್ನು ಅಂಚೆಗೆ ಹಾಕಬೇಡಿ. ಯಾರಾದರೂ ಒಬ್ಬರು ಆ ಓಣಿಗೆ ನಡೆದುಹೋಗಿ, ಬಾಗಿಲು ತೆರೆದಿದ್ದರೂ ತಟ್ಟಿ, ಅವಳ ಕೈಗೇ ಕೊಡಿ. ನಾನು ಬರೆದ ಕ್ಷಮಾಪಣೆ ಅದರಲ್ಲಿ ಒಂದೇ ಪುಟ, ಅಲಂಕಾರವಿಲ್ಲದ್ದು. ಇನ್ನೊಂದು ಪುಟದಲ್ಲಿ ಆ ಎರಡು ವಾಕ್ಯಗಳ ನಿಜವಾದ ಅರ್ಥ ಸ್ಪ್ಯಾನಿಷ್‌ನಲ್ಲಿದೆ. ಅದನ್ನು ನಾನು ಹೇಳಿಕೊಟ್ಟಿಲ್ಲ. ಅರ್ಪಿತಾ ಎರಡನೆಯ ವಾಕ್ಯವನ್ನೂ ತಾನೇ ಅಕ್ಷರ ಕೂಡಿಸಿ ಓದಿ, ನನ್ನನ್ನು ಒಂದು ಪದವನ್ನೂ ಕೇಳದೆ ಮಾಡಿದ್ದಾಳೆ. ಒಂದು ಕ್ರಿಯಾಪದ ತಪ್ಪಿದೆಯೇನೋ. ತಿದ್ದಬೇಡಿ.

ಇಂತಿ,
ಕರೆಯದೆ ಬಂದು, ಕೈಹಿಡಿದವರ ಮುಖಕ್ಕೆ ನಕ್ಕು ಹೋದ
ಪ್ರಭಾವತಿ ಚಿದಾನಂದ
ಬ್ರೂಮ್‌ಹಿಲ್, ಶೆಫೀಲ್ಡ್
ಏಪ್ರಿಲ್ 2004